ಸಾಫ್ಟ್‌ವೇರ್ ಬಿಟ್ಟರೆ ಎಲ್ಲಿಗೆ? ಶಾಲೆ, ಎನ್‌ಜಿಒ, ತೋಟ, ಸ್ವಂತ ಉದ್ಯಮ ಹೋಲಿಸಿ ನೋಡುವ ಬಗೆ

‘ವಯಸ್ಸು ಮೂವತ್ತೆಂಟು. ಐಟಿಯಲ್ಲಿ ಹನ್ನೆರಡು ವರ್ಷ ಆಯ್ತು, ಹೋಮ್ ಲೋನ್ ಇನ್ನೂ ಒಂಬತ್ತು ವರ್ಷ ಇದೆ. ಸಂಬಳಕ್ಕೇನೂ ಕೊರತೆ ಇಲ್ಲ, ಆದರೆ ಮಾಡೋ ಕೆಲಸದಿಂದ ಯಾರಿಗೆ ಏನು ಉಪಯೋಗ ಅಂತ ಗೊತ್ತಾಗ್ತಿಲ್ಲ. ಮೇಷ್ಟ್ರಾಗಲಾ, ಎನ್‌ಜಿಒ ಸೇರಲಾ, ಊರಿಗೆ ಹೋಗಿ ತೋಟ ಮಾಡಲಾ?’ ಬೆಂಗಳೂರು, ಮೈಸೂರಿನ ಸಂಬಳದಾರರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ ಅಚ್ಚಿನದು. ಇದಕ್ಕೆ ‘ಮನಸ್ಸು ಹೇಳಿದ್ದನ್ನು ಕೇಳಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಮನಸ್ಸು ಇಎಂಐ ಕಟ್ಟುವುದಿಲ್ಲ. ಮೊದಲು ಅಳೆಯುವ ಮಾನದಂಡಗಳನ್ನು ಇಟ್ಟುಕೊಂಡು, ಆಮೇಲೆ ಒಂದೊಂದೇ ದಾರಿಯನ್ನು ಅವುಗಳ ಮುಂದೆ ನಿಲ್ಲಿಸಿ ನೋಡೋಣ.

ಯಾವುದರಿಂದ ಅಳೆಯಬೇಕು

ಮೊದಲನೆಯದು, ಬೇಸರ ಎಲ್ಲಿಂದ ಬರುತ್ತಿದೆ ಎಂಬುದು. ಮೂರು ವಾರ ದಿನಾ ಸಂಜೆ ಎರಡು ಸಾಲು ಬರೆದಿಡಿ: ಇವತ್ತು ಯಾವ ಗಂಟೆ ಹಿಂಸೆಯಾಯಿತು, ಯಾವ ಗಂಟೆ ಹೋದದ್ದೇ ತಿಳಿಯಲಿಲ್ಲ. ಹಿಂಸೆಯೆಲ್ಲ ಒಬ್ಬ ಮ್ಯಾನೇಜರ್ ಸುತ್ತ, ರಾತ್ರಿ ಹತ್ತರ ಕಾಲ್ ಸುತ್ತ, ಔಟರ್ ರಿಂಗ್ ರೋಡಿನ ಟ್ರಾಫಿಕ್ ಸುತ್ತ ಇದ್ದರೆ ನಿಮಗೆ ಬೇಕಿರುವುದು ಬೇರೆ ತಂಡ ಅಥವಾ ಬೇರೆ ಕಂಪನಿ, ಬೇರೆ ವೃತ್ತಿಯಲ್ಲ. ಕೆಲಸ ಚೆನ್ನಾಗಿ ನಡೆದ ದಿನವೂ ಒಳಗೆ ಖಾಲಿ ಎನಿಸಿದರೆ ಮಾತ್ರ ಮುಂದೆ ಓದಿ.

ಎರಡನೆಯದು ದುಡ್ಡು. ಇಲ್ಲಿ ಎರಡು ಲೆಕ್ಕಗಳಿವೆ, ಬಹಳ ಜನ ಒಂದನ್ನೇ ಹಾಕುತ್ತಾರೆ. ಹಳೆಯ ಸಂಬಳ ನಿಂತು ಹೊಸ ದುಡಿಮೆ ಕೈಗೆ ಹತ್ತುವವರೆಗಿನದು ದಾಟುವ ಖರ್ಚು. ಹೊಸ ಕೆಲಸದಲ್ಲಿ ನೆಲೆ ನಿಂತ ಮೇಲೂ ತಿಂಗಳು ತಿಂಗಳು ಉಳಿಯುವ ಅಂತರ ಅಲ್ಲಿರುವ ಖರ್ಚು. ಒಂದು ಉದಾಹರಣೆ: ಮನೆ ಖರ್ಚು 55,000, ಇಎಂಐ 38,000, ಮಗುವಿನ ಶಾಲೆ ತಿಂಗಳ ಲೆಕ್ಕದಲ್ಲಿ 12,000, ಅಪ್ಪ ಅಮ್ಮನ ಔಷಧಿ 5,000, ವಿಮೆ 4,000. ಒಟ್ಟು 1,14,000. ಎರಡು ವರ್ಷ ಸಂಬಳವಿಲ್ಲದಿದ್ದರೆ ದಾಟುವ ಖರ್ಚು 27,36,000 ರೂಪಾಯಿ. ಇಷ್ಟನ್ನು ಹೇಗೋ ಕೂಡಿಟ್ಟಿರಿ ಎನ್ನಿ. ಆಮೇಲೆ 30,000 ಸಂಬಳದ ಕೆಲಸ ಸಿಕ್ಕಿತು. ಆಗಲೂ ತಿಂಗಳಿಗೆ 84,000 ಕೊರತೆ ಇದ್ದೇ ಇದೆ, ಮತ್ತು ಅದು ಎರಡು ವರ್ಷಕ್ಕೆ ಮುಗಿಯುವಂಥದ್ದಲ್ಲ. ವೃತ್ತಿ ಬದಲಿಸಿದವರು ಮೂರನೇ ವರ್ಷ ಮರಳಿ ಕಂಪನಿಗೆ ಬಂದರೆ ಕಾರಣ ಬಹುಮಟ್ಟಿಗೆ ಈ ಎರಡನೇ ಲೆಕ್ಕ. ಸಂಗಾತಿಯ ಸಂಬಳವಿದ್ದರೆ ಅದನ್ನು ಕಳೆದು ಲೆಕ್ಕ ಹಾಕಿ: ಮೇಲಿನದೇ ಮನೆಗೆ 60,000 ಬರುತ್ತಿದ್ದರೆ ದಾಟುವ ಖರ್ಚು 12,96,000ಕ್ಕೆ ಇಳಿಯುತ್ತದೆ, 30,000 ದುಡಿಯತೊಡಗಿದ ಮೇಲಿನ ಕೊರತೆ 24,000ಕ್ಕೆ.

ಮೂರನೆಯದು ಬಾಗಿಲು: ಒಳಗೆ ಹೋಗಲು ಪದವಿ, ಪರೀಕ್ಷೆ, ಪರವಾನಗಿ ಏನಾದರೂ ಬೇಕೇ? ನಾಲ್ಕನೆಯದು ಸಾದಾ ದಿನ. ಹೊಸ ಕೆಲಸದ ಒಳ್ಳೆಯ ದಿನವನ್ನು ಎಲ್ಲರೂ ಕಲ್ಪಿಸಿಕೊಳ್ಳುತ್ತಾರೆ, ಏನೂ ವಿಶೇಷವಿಲ್ಲದ ಮಂಗಳವಾರ ಹೇಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಐದನೆಯದು ಮರಳುವ ದಾರಿ: ಒಪ್ಪಲಿಲ್ಲವೆಂದರೆ ವಾಪಸು ಬರಲು ಎಷ್ಟು ನಷ್ಟ?

ಇದ್ದಲ್ಲೇ ಇದ್ದು ಬದಲಾಗುವುದು

ಇದಕ್ಕೆ ರಮ್ಯತೆ ಇಲ್ಲ, ಆದ್ದರಿಂದ ಪಟ್ಟಿಯಲ್ಲೇ ಇರುವುದಿಲ್ಲ. ಕಂಪನಿಯೊಳಗೇ ತರಬೇತಿ ವಿಭಾಗ, ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆ) ತಂಡ, ಆರೋಗ್ಯ ಅಥವಾ ಶಿಕ್ಷಣದ ಗ್ರಾಹಕರ ಪ್ರಾಜೆಕ್ಟ್, ಅಥವಾ ಸಂಬಳ ಸ್ವಲ್ಪ ಕಡಿಮೆಯಾದರೂ ಸಂಜೆ ಆರಕ್ಕೆ ಬಿಡುವ ಕಂಪನಿ. ದಾಟುವ ಖರ್ಚು ಸೊನ್ನೆ, ಬಾಗಿಲು ತೆರೆದೇ ಇದೆ. ಸಿಕ್ಕ ಸಮಯವನ್ನು ವಾರಕ್ಕೆ ಆರು ಗಂಟೆಯಾದರೂ ನಿಮಗೆ ಬೇಕಾದ ಕೆಲಸಕ್ಕೆ ಕೊಡಬಹುದು: ಸರ್ಕಾರಿ ಶಾಲೆಯಲ್ಲಿ ಶನಿವಾರದ ಗಣಿತ, ಊರಿನ ಗ್ರಂಥಾಲಯ, ಕೆರೆ ಸಮಿತಿ. ದುಡ್ಡು ತರುವ ಇನ್ನೊಂದು ಕೆಲಸಕ್ಕೆ ಕೈಹಾಕುವ ಮೊದಲು ನೇಮಕಾತಿ ಪತ್ರದಲ್ಲಿ ಹೊರಗಿನ ದುಡಿಮೆಯ ಬಗ್ಗೆ ಏನಿದೆ ಎಂದು ಓದಿ. ಸಾಮಾನ್ಯವಾಗಿ ಲಿಖಿತ ಅನುಮತಿ ಬೇಕು ಎಂದಿರುತ್ತದೆ.

ಒಂದೇ ದುಡಿಮೆಯ ಮನೆ, ದೊಡ್ಡ ಸಾಲ, ಚಿಕ್ಕ ಮಕ್ಕಳು ಇದ್ದವರಿಗೆ ನಾವು ಮೊದಲು ಹೇಳುವುದು ಇದನ್ನೇ. ಇದರ ತೊಂದರೆ ಒಂದೇ: ಆರು ತಿಂಗಳಿಗೆ ಹಳೆಯ ಕೆಲಸ ನಿಧಾನವಾಗಿ ಆ ಆರು ಗಂಟೆಯನ್ನೂ ನುಂಗುತ್ತದೆ. ಹಾಗಾಗಿ ಆ ಕೆಲಸ ಇನ್ನೊಬ್ಬರು ನಿಮಗಾಗಿ ಕಾಯುವಂಥದ್ದಾಗಿರಬೇಕು. ಮಕ್ಕಳು ಕಾಯುತ್ತಾರೆ ಎಂದಾದರೆ ಹೋಗುತ್ತೀರಿ, ಆನ್‌ಲೈನ್ ಕೋರ್ಸ್ ಯಾರನ್ನೂ ಕಾಯುವುದಿಲ್ಲ.

ಶಾಲೆ

ಬಿ.ಇ. ಮಾಡಿದವರು ‘ಗಣಿತ ಹೇಳಿಕೊಡೋದು ನನಗೇನು ಕಷ್ಟ’ ಎಂದುಕೊಂಡು ಬರುತ್ತಾರೆ. ಮೊದಲು ಎದುರಾಗುವುದು ಬಿ.ಎಡ್. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳ ಪ್ರಕಾರ ಅದು ಎರಡು ವರ್ಷದ ಕೋರ್ಸ್. ಪದವಿಯಲ್ಲಿ ಶೇ 50 ಅಂಕ ಬೇಕು, ವಿಜ್ಞಾನ–ಗಣಿತ ಓದಿರುವ ಎಂಜಿನಿಯರಿಂಗ್ ಪದವೀಧರರಿಗೆ ಶೇ 55. ತರಗತಿಗೆ ಶೇ 80, ಶಾಲೆಯ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಕಡ್ಡಾಯ, ಆ ಇಂಟರ್ನ್‌ಶಿಪ್ ಎರಡು ವರ್ಷ ಸೇರಿ 20 ವಾರ. ಅಂದರೆ ಕೆಲಸ ಮಾಡುತ್ತಲೇ ಬಿ.ಎಡ್. ಮುಗಿಸುವ ಪ್ರಾಮಾಣಿಕ ದಾರಿ ಇಲ್ಲ. ಅಂಚೆ ಶಿಕ್ಷಣದ ಬಿ.ಎಡ್. ಇರುವುದು ಆಗಲೇ ಶಿಕ್ಷಕ ತರಬೇತಿ ಪಡೆದವರಿಗೆ, ಆಫೀಸಿನಿಂದ ನೇರ ಬರುವವರಿಗಲ್ಲ. ‘ಪರೀಕ್ಷೆಗೆ ಮಾತ್ರ ಬನ್ನಿ ಸಾರ್, ಹಾಜರಾತಿ ನಾವು ನೋಡ್ಕೋತೀವಿ’ ಎನ್ನುವ ಏಜೆಂಟರು ಸಿಗುತ್ತಾರೆ. ಅದೇ ಎರಡು ವರ್ಷ ನೀವು ಪಿಎಫ್ ಕಟ್ಟಿಸಿಕೊಂಡು ಕಂಪನಿಯಲ್ಲಿದ್ದ ದಾಖಲೆ ಮುಂದೆ ದಾಖಲಾತಿ ಪರಿಶೀಲನೆಯಲ್ಲಿ ಎದುರು ಬಂದು ನಿಂತರೆ ಆ ಪದವಿ ಕಾಗದವಷ್ಟೇ.

ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ, ಟಿಇಟಿ. 150 ಅಂಕ, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ ಶೇ 60 ಬೇಕು. ಮೊದಲ ಪತ್ರಿಕೆ 1ರಿಂದ 5ನೇ ತರಗತಿಗೆ, ಎರಡನೆಯದು 6ರಿಂದ 8ಕ್ಕೆ. ಇಲ್ಲೊಂದು ಕವಲು ಗಮನಿಸಿ: 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಬಿ.ಎಡ್. ಪದವಿ 1ರಿಂದ 5ನೇ ತರಗತಿಯ ಶಿಕ್ಷಕ ಹುದ್ದೆಗೆ ಅರ್ಹತೆಯಲ್ಲ, ಅದಕ್ಕೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಡಿ.ಎಲ್.ಎಡ್. ಬೇಕು. ಚಿಕ್ಕ ಮಕ್ಕಳಿಗೆ ಕಲಿಸುವ ಆಸೆಯಿದ್ದು ಬಿ.ಎಡ್. ಸೇರಿದರೆ ಎರಡು ವರ್ಷ ತಪ್ಪು ಬಾಗಿಲ ಮುಂದೆ ನಿಂತಂತೆ.

ಸರ್ಕಾರಿ ನೇಮಕಾತಿಯನ್ನು ನಂಬಿ ಕೆಲಸ ಬಿಡಬೇಡಿ. ಅಧಿಸೂಚನೆ ಯಾವಾಗ ಬರುತ್ತದೆ, ಆಗ ನಿಮ್ಮ ವಯಸ್ಸು ಮಿತಿಯೊಳಗಿರುತ್ತದೋ ಇಲ್ಲವೋ, ನಿಮ್ಮ ಪದವಿಯ ಐಚ್ಛಿಕ ವಿಷಯ ಆ ಹುದ್ದೆಗೆ ಹೊಂದುತ್ತದೋ ಇಲ್ಲವೋ, ಯಾವುದೂ ನಿಮ್ಮ ಕೈಲಿಲ್ಲ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರಿಗೆ ಗೌರವಧನ ಹನ್ನೆರಡು ಸಾವಿರದ ಆಸುಪಾಸು, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಉಳಿಯುವುದು ಖಾಸಗಿ ಶಾಲೆ. ಬೆಂಗಳೂರಿನ ಮಧ್ಯಮ ದರ್ಜೆಯ ಶಾಲೆಗಳಲ್ಲಿ ಹೊಸಬರಿಗೆ ಸಾಮಾನ್ಯವಾಗಿ 20ರಿಂದ 35 ಸಾವಿರ. ಐಬಿ, ಐಜಿಸಿಎಸ್‌ಇಯಂಥ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಲ್ಲಿ ಇದಕ್ಕಿಂತ ಎಷ್ಟೋ ಮೇಲು, ಬಿ.ಎಡ್. ಇಲ್ಲದಿದ್ದರೂ ವಿಷಯ ಚೆನ್ನಾಗಿ ಬಲ್ಲವರನ್ನು ತೆಗೆದುಕೊಳ್ಳುವುದುಂಟು. ಆದರೆ ಅಲ್ಲಿನ ಮಕ್ಕಳಿಗೆ ನಿಮ್ಮ ಅಗತ್ಯ ಎಷ್ಟಿದೆ ಎಂಬ ಪ್ರಶ್ನೆ ಕೆಲವರನ್ನು ಮತ್ತೆ ಕಾಡುತ್ತದೆ.

ಸಾದಾ ಮಂಗಳವಾರ ಹೀಗಿರುತ್ತದೆ: ಏಳೂಮುಕ್ಕಾಲಿಗೆ ಶಾಲೆ, ಆರು ಪೀರಿಯಡ್, ನಡುವೆ ಯಾರೋ ಬಾರದ ಕಾರಣ ಇನ್ನೊಂದು ತರಗತಿಯ ಉಸ್ತುವಾರಿ, ಗಂಟಲು ಕಟ್ಟಿದೆ, ಚೀಲದಲ್ಲಿ ನಲವತ್ತು ನೋಟ್‌ಬುಕ್. ಕಲಿಸುವುದು ಅರ್ಧ, ದಾಖಲೆ ತುಂಬುವುದು ಇನ್ನರ್ಧ. ವಿಷಯ ಗೊತ್ತಿದ್ದೂ ಸೋಲುವವರು ಸೋಲುವುದು ತರಗತಿಯ ಹಿಡಿತದಲ್ಲಿ: ಮೀಟಿಂಗ್‌ನಲ್ಲಿ ನಾಲ್ವರು ವಯಸ್ಕರು ಕೇಳಿಸಿಕೊಳ್ಳುವುದು ಬೇರೆ, ಊಟದ ನಂತರ ಎಂಟನೇ ತರಗತಿ ಕೇಳಿಸಿಕೊಳ್ಳುವುದು ಬೇರೆ. ಬಿ.ಎಡ್. ಅರ್ಜಿ ಹಾಕುವ ಮೊದಲು ಹತ್ತು ಶನಿವಾರ ಒಂದೇ ತರಗತಿಗೆ ಒಂದೇ ಪಾಠವನ್ನು ಸರಣಿಯಾಗಿ ಕಲಿಸಿ. ಒಮ್ಮೆ ಹೋಗಿ ಅತಿಥಿ ಉಪನ್ಯಾಸ ಕೊಟ್ಟು ಚಪ್ಪಾಳೆ ತೆಗೆದುಕೊಂಡು ಬಂದದ್ದು ಪರೀಕ್ಷೆಯಲ್ಲ. ಹತ್ತನೇ ವಾರ ಮಕ್ಕಳ ಉತ್ತರ ಪತ್ರಿಕೆ ತಿದ್ದಿದಾಗ ಕಾಣುವುದೇ ಪರೀಕ್ಷೆ.

ಎನ್‌ಜಿಒ

ಇಲ್ಲಿ ಬಾಗಿಲು ಸಡಿಲ. ಪದವಿಗಿಂತ ಅನುಭವಕ್ಕೆ ಬೆಲೆ, ಲೆಕ್ಕಪತ್ರ, ದತ್ತಾಂಶ, ಪ್ರಾಜೆಕ್ಟ್ ನಿರ್ವಹಣೆ ಬಲ್ಲವರು ಬೇಕೇ ಬೇಕು. ಸಂಬಳ ಅರ್ಧಕ್ಕೆ ಇಳಿಯುವುದು ಮಾಮೂಲು, ಮೂರನೇ ಒಂದಕ್ಕೆ ಇಳಿಯುವುದೂ ಉಂಟು.

ಸಂಬಳ ಯಾಕೆ ಕಡಿಮೆ, ಕೆಲಸ ಯಾಕೆ ಒಂದೊಂದೇ ವರ್ಷದ ಕರಾರಿನದು ಎಂದು ತಿಳಿಯಲು ದುಡ್ಡು ಬರುವ ದಾರಿ ನೋಡಬೇಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಈ ಬಜೆಟ್ ವರ್ಷ ವರ್ಷ ನಿರ್ಧಾರವಾಗುತ್ತದೆ, ಹಾಗಾಗಿ ಅನುದಾನವೂ ಬಹಳ ಕಡೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ವಿದೇಶಿ ದೇಣಿಗೆಗೆ ಸಂಬಂಧಿಸಿದ ಎಫ್‌ಸಿಆರ್‌ಎ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು, ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೂ ನಿಷೇಧಿಸಿತು. ಕಚೇರಿಯಲ್ಲಿ ಕೂತು ಮಾಡುವ ಹುದ್ದೆಗಳಿಗೆ ದುಡ್ಡು ಹೊಂದಿಸುವುದು ಕಷ್ಟವಾಗಿದ್ದು, ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳು ಬಡವಾಗಿದ್ದು ಹೀಗೆ.

ಸೇರುವ ಮೊದಲು ಸಂಸ್ಥೆಯನ್ನು ಹೀಗೆ ಪರೀಕ್ಷಿಸಿ. ಸರ್ಕಾರದ ಎನ್‌ಜಿಒ ದರ್ಪಣ್ ಪೋರ್ಟಲ್‌ನ ನೋಂದಣಿ, ತೆರಿಗೆ ವಿನಾಯಿತಿಯ 12ಎ, 80ಜಿ, ಕಂಪನಿಗಳ ದುಡ್ಡು ಪಡೆಯಲು ಬೇಕಾದ ಸಿಎಸ್‌ಆರ್–1 ನೋಂದಣಿ ಇವೆಯೇ? ಹಿಂದಿನ ಮೂರು ವರ್ಷದ ಲೆಕ್ಕಪರಿಶೋಧನಾ ವರದಿ ಕೇಳಿ. ಒಟ್ಟು ಆದಾಯದ ಅರ್ಧಕ್ಕಿಂತ ಹೆಚ್ಚು ಒಬ್ಬನೇ ದಾನಿಯಿಂದ ಬರುತ್ತಿದ್ದರೆ ನಿಮ್ಮ ಕೆಲಸದ ಆಯುಷ್ಯ ಆ ದಾನಿಯ ಮನಸ್ಸಿನ ಮೇಲಿದೆ ಎಂದರ್ಥ. ಸಂಬಳ ಕೊಡುತ್ತಾರೋ ‘ಗೌರವಧನ’ ಕೊಡುತ್ತಾರೋ, ಪಿಎಫ್ ಕಟ್ಟುತ್ತಾರೋ ಇಲ್ಲವೋ ಕೇಳಿ. ಕೇಳಲು ಸಂಕೋಚ ಬೇಡ, ಸೇವೆಗೂ ಪಿಎಫ್‌ಗೂ ವೈರವಿಲ್ಲ. ಕೊನೆಯದಾಗಿ, ಇದೇ ಹುದ್ದೆಯಲ್ಲಿ ಹಿಂದೆ ಇದ್ದವರು ಎಷ್ಟು ಕಾಲ ಇದ್ದರು, ಯಾಕೆ ಹೋದರು ಎಂದು ಕೇಳಿ. ಉತ್ತರ ತಡವರಿಸಿದರೆ ಅದೇ ಉತ್ತರ.

ಐಟಿಯವರು ಬೀಳುವ ಹಳ್ಳ ಒಂದಿದೆ. ಸಂಸ್ಥೆ ನಿಮ್ಮನ್ನು ನಿಮಗೆ ಗೊತ್ತಿರುವ ಕೆಲಸಕ್ಕೇ ಹಾಕುತ್ತದೆ: ಡ್ಯಾಶ್‌ಬೋರ್ಡ್, ಆ್ಯಪ್, ಎಕ್ಸೆಲ್. ಆರು ತಿಂಗಳಿಗೆ ಅದೇ ಲ್ಯಾಪ್‌ಟಾಪ್, ಅದೇ ಕಾಲ್, ಅರ್ಧ ಸಂಬಳ. ಜನರ ನಡುವೆ ಕೆಲಸ ಮಾಡುವುದೇ ನಿಮ್ಮ ಉದ್ದೇಶವಾಗಿದ್ದರೆ ತಿಂಗಳಲ್ಲಿ ಇಷ್ಟು ದಿನ ಕ್ಷೇತ್ರದಲ್ಲಿ ಎಂದು ಮೊದಲೇ ಬರೆಸಿಕೊಳ್ಳಿ. ಆ ಕ್ಷೇತ್ರ ಯಾದಗಿರಿಯೋ ಎಚ್.ಡಿ. ಕೋಟೆಯ ಆದಿವಾಸಿ ಹಾಡಿಯೋ ಆಗಿದ್ದರೆ ಮೊದಲ ನಾಲ್ಕು ತಿಂಗಳು ನಿಮ್ಮಿಂದ ಯಾರಿಗೂ ಏನೂ ಉಪಯೋಗವಾಗುವುದಿಲ್ಲ. ಅಲ್ಲಿಯ ಮಾತಿನ ಲಯ, ಯಾರ ಮನೆ ಯಾವ ಬೀದಿಯಲ್ಲಿದೆ, ಅಂಗನವಾಡಿ ಕಾರ್ಯಕರ್ತೆಗೂ ಪಂಚಾಯಿತಿ ಸದಸ್ಯನಿಗೂ ಏನು ತಕರಾರು, ಇದೆಲ್ಲ ತಿಳಿಯಲೇ ಅಷ್ಟು ಬೇಕು. ಮಾರ್ಚ್ ಬಂದರೆ ಕ್ಷೇತ್ರದವರೂ ದಾನಿಗೆ ಇಂಗ್ಲಿಷ್‌ನಲ್ಲಿ ವರದಿ ಬರೆಯುತ್ತ ಕೂರುತ್ತಾರೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಎರಡು ವರ್ಷ ಓದಿ ಹೋಗುವುದಾದರೆ ಬೆಂಗಳೂರಿನಲ್ಲೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂ.ಎ. ಶಿಕ್ಷಣ, ಎಂ.ಎ. ಅಭಿವೃದ್ಧಿ ಕೋರ್ಸ್‌ಗಳಿವೆ, ಮನೆಯ ಆದಾಯ ನೋಡಿ ಶುಲ್ಕ ವಿನಾಯಿತಿ ಕೊಡುತ್ತಾರೆ. ಟೀಚ್ ಫಾರ್ ಇಂಡಿಯಾದ ಎರಡು ವರ್ಷದ ಫೆಲೋಷಿಪ್‌ನಲ್ಲಿ ಓದಿನ ಬದಲು ತರಗತಿಯೇ ಇರುತ್ತದೆ, ತಿಂಗಳಿಗೆ ಬದುಕುವಷ್ಟು ದುಡ್ಡೂ ಬರುತ್ತದೆ. ಹತ್ತು ವರ್ಷ ಅನುಭವವಿದ್ದವರಿಗೆ ಓದು ಕಡ್ಡಾಯವಲ್ಲ. ಮರಳುವ ದಾರಿಯ ಲೆಕ್ಕದಲ್ಲಿ ಎನ್‌ಜಿಒ ಉಳಿದವಕ್ಕಿಂತ ಮೇಲು: ಎರಡು ವರ್ಷ ಇದ್ದು ಬಂದವರನ್ನು ಕಂಪನಿಗಳ ಸಿಎಸ್‌ಆರ್ ವಿಭಾಗ ಸಂತೋಷದಿಂದ ತೆಗೆದುಕೊಳ್ಳುತ್ತದೆ.

ತೋಟ, ಜಮೀನು

ಇದರ ಸೆಳೆತವೇ ಹೆಚ್ಚು, ಕೈಸುಟ್ಟುಕೊಳ್ಳುವುದೂ ಇಲ್ಲೇ ಹೆಚ್ಚು. ಹಿಂದೆ ಕೃಷಿಕರಲ್ಲದವರು ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಬಾಗಿಲು ತೆರೆಯಿತು, ಬೆಲೆಯೂ ಏರಿತು.

ಪಿತ್ರಾರ್ಜಿತ ಜಮೀನು ಇರುವವರದು ಬೇರೆ ಲೆಕ್ಕ, ಕೊಳ್ಳುವವರದು ಬೇರೆ. ಕೊಳ್ಳುವವರು ಮುಂಗಡ ಕೊಡುವ ಮೊದಲು ನೋಡಬೇಕಾದ್ದು:

ಪಹಣಿಯ 9ನೇ ಕಾಲಂನಲ್ಲಿ ಮಾರುವವರ ಹೆಸರಿದೆಯೇ, 11ರಲ್ಲಿ ಬ್ಯಾಂಕ್ ಸಾಲ ಅಥವಾ ಕೋರ್ಟ್ ತಕರಾರು ಇದೆಯೇ. ಹೆಸರು ಅಲ್ಲಿಗೆ ಹೇಗೆ ಬಂತು ಎಂದು ತಿಳಿಯಲು ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ. 30 ವರ್ಷದ ಇಸಿ (ಋಣಭಾರ ಪತ್ರ). ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ. ಖರಾಬು (ಸಾಗುವಳಿಗೆ ಲೆಕ್ಕವಿಲ್ಲದ ನೆಲ) ಎಷ್ಟಿದೆ, ಬಿ ಖರಾಬು ಸಾರ್ವಜನಿಕ ಬಳಕೆಯ ನೆಲ, ನಿಮಗೆ ಸೇರುವುದಿಲ್ಲ. ವಂಶವೃಕ್ಷ ತೆಗೆಸಿ ಎಲ್ಲ ಹೆಣ್ಣುಮಕ್ಕಳ ಸಹಿ ಇದೆಯೇ ನೋಡಿ: ‘ಅವರೇನೂ ಕೇಳಲ್ಲ ಬಿಡಿ’ ಎಂದ ಜಮೀನುಗಳ ಕೇಸುಗಳಿಂದಲೇ ಸಿವಿಲ್ ಕೋರ್ಟುಗಳು ತುಂಬಿವೆ. ಎಲ್ಲಕ್ಕಿಂತ ಮುಖ್ಯ, ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇ? ಹೌದಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ, 2023ರ ತಿದ್ದುಪಡಿಯ ನಂತರ ಜಮೀನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ತಾಲ್ಲೂಕು ಕಚೇರಿಯಿಂದ ಈ ಬಗ್ಗೆ ಹಿಂಬರಹ (ಲಿಖಿತ ಉತ್ತರ) ಪಡೆಯದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮುದ್ರಾಂಕ, ಸೆಸ್, ನೋಂದಣಿ ಶುಲ್ಕ ಸೇರಿ ಏಳೂವರೆ ಪರ್ಸೆಂಟ್ ಆಸುಪಾಸು ಬೇರೆ ಇಟ್ಟುಕೊಳ್ಳಿ, ಶುಲ್ಕ 2025ರ ಆಗಸ್ಟ್ ಕೊನೆಗೆ ಹೆಚ್ಚಾಗಿದೆ.

ಗುತ್ತಿಗೆಗೆ ತೆಗೆದುಕೊಂಡು ಮೊದಲು ಪ್ರಯೋಗ ಮಾಡೋಣ ಎಂದರೆ ಅದಕ್ಕೂ ತೊಡಕಿದೆ. ಭೂಸುಧಾರಣಾ ಕಾಯ್ದೆ ಕೃಷಿ ಜಮೀನಿನ ಗೇಣಿಯನ್ನು ಕೆಲವೇ ಅಪವಾದ ಬಿಟ್ಟು ನಿಷೇಧಿಸಿದೆ. ಊರಲ್ಲಿ ನಡೆಯುವ ಕೋರು (ಪಾಲಿನ ಬೇಸಾಯ), ಗುತ್ತಿಗೆ ಎಲ್ಲ ಮಾತಿನ ಮೇಲೆ ನಡೆಯುವಂಥವು. ಹಾಗೆ ಮಾಡುವುದಾದರೆ ಒಂದು ಹಂಗಾಮಿನ ಬೆಳೆ ಮಾತ್ರ ಇಡಿ. ಇನ್ನೊಬ್ಬರ ನೆಲದಲ್ಲಿ ಬೋರ್‌ವೆಲ್ ಕೊರೆಸುವುದು, ತೆಂಗು ನೆಡುವುದು ಬೇಡ.

ಈಗ ಆದಾಯ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಮಳೆಯಾಶ್ರಯದಲ್ಲಿ ಎಕರೆಗೆ ಎಂಟು ಕ್ವಿಂಟಲ್ ಬಂದರೆ ಒಳ್ಳೆಯ ಬೆಳೆ, ಅಂದರೆ 39,088. ಉಳುಮೆ, ಬೀಜ, ಗೊಬ್ಬರ, ಕಳೆ, ಕಟಾವು, ಒಕ್ಕಣೆಗೆ ಅರ್ಧ ಹೋಯಿತು ಎನ್ನಿ. ಎರಡು ಎಕರೆಗೆ ವರ್ಷಕ್ಕೆ ನಲವತ್ತು ಸಾವಿರ ಉಳಿಯಿತು, ಮಳೆ ಕೈಕೊಡದಿದ್ದರೆ. ಅದು ನಿಮ್ಮ ಈಗಿನ ಎಷ್ಟು ದಿನದ ಸಂಬಳ ಎಂದು ಲೆಕ್ಕ ಹಾಕಿಕೊಳ್ಳಿ. ಬಹುವಾರ್ಷಿಕ ಬೆಳೆಯಲ್ಲಿ ದುಡ್ಡು ಹೆಚ್ಚು, ಕಾಯುವುದೂ ಹೆಚ್ಚು: ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಗಿಡ, ಫಸಲಿಗೆ ಐದಾರು ವರ್ಷ, 25 ಅಡಿ ಅಂತರದಲ್ಲಿ 70 ತೆಂಗು, ಎತ್ತರದ ತಳಿಯಾದರೆ ಆರೇಳು ವರ್ಷ, ಕಸಿ ಮಾವು ನಾಲ್ಕೈದು. ಈ ವರ್ಷಗಳನ್ನೇ ಜನ ದಾಟುವ ಖರ್ಚಿನಲ್ಲಿ ಸೇರಿಸುವುದಿಲ್ಲ. ನುಗ್ಗೆ, ಚೆಂಡುಹೂ, ಸೊಪ್ಪು ಬೇಗ ಕೈಗೆ ಬರುತ್ತವೆ, ಆದರೆ ಮಾರುಕಟ್ಟೆ ಬೆಳಗಿನ ಜಾವ ನಾಲ್ಕಕ್ಕೆ.

ಖರ್ಚು ಅನಿರೀಕ್ಷಿತ ಕಡೆಯಿಂದ ಬರುತ್ತದೆ. ಚೌಕವಾದ ಎರಡು ಎಕರೆಯ ಸುತ್ತಳತೆ ಸುಮಾರು 360 ಮೀಟರ್. ಮೂರು ಮೀಟರಿಗೊಂದರಂತೆ ಬೇಲಿಗೆ 120 ಕಲ್ಲುಕಂಬ ಬೇಕು, ಜಮೀನು ಉದ್ದ ಪಟ್ಟಿಯಾಗಿದ್ದರೆ ಇನ್ನೂ ಹೆಚ್ಚು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ 1,000 ಅಡಿ ದಾಟುವುದು ಸಾಮಾನ್ಯ, ದಾಟಿದ ಮೇಲೂ ನೀರು ಬಾರದಿರಬಹುದು, ಕೊರೆದವರು ದುಡ್ಡು ವಾಪಸು ಕೊಡುವುದಿಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಆದರೆ ತ್ರೀ ಫೇಸ್ ಏಳು ಗಂಟೆ, ಅದೂ ಪಾಳಿಯಲ್ಲಿ. ರಾತ್ರಿ ಒಂದಕ್ಕೆ ಕರೆಂಟ್ ಬಂದರೆ ರಾತ್ರಿ ಒಂದಕ್ಕೆ ನೀರು ಹಾಯಿಸಬೇಕು. ಹಂದಿ, ನವಿಲು, ಮಂಗ, ಕೆಲವೆಡೆ ಆನೆ. ಆಳು ಸಿಗದ ವಾರವೇ ಕಳೆ ತೆಗೆಯುವ ವಾರ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂದು ಸಂತೋಷಪಡುವವರು ಇದನ್ನೂ ತಿಳಿದಿರಲಿ: ಕೃಷಿಯ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆದು ತೋರಿಸುವಂತಿಲ್ಲ.

ಹಾಗಾದರೆ ಇದು ಯಾರಿಗೆ? ಸಾಲ ತೀರಿದೆ, ಬಾಡಿಗೆಯೋ ಸಂಗಾತಿಯ ಸಂಬಳವೋ ತಿಂಗಳ ಖರ್ಚು ನೋಡಿಕೊಳ್ಳುತ್ತದೆ, ಊರಲ್ಲಿ ಜಮೀನೂ ಅದನ್ನು ನೋಡಿಕೊಳ್ಳುವ ಅಣ್ಣನೋ ಚಿಕ್ಕಪ್ಪನೋ ಇದ್ದಾರೆ ಎಂಬವರಿಗೆ. ಅಂಥವರೂ ಮೊದಲ ಎರಡು ವರ್ಷ ಕೆಲಸದಲ್ಲಿದ್ದುಕೊಂಡೇ ಕೃಷಿ ವಿಜ್ಞಾನ ಕೇಂದ್ರದ ತರಬೇತಿ, ಮಣ್ಣಿನ ಪರೀಕ್ಷೆ, ಬದು, ಕೃಷಿ ಹೊಂಡ ಇಷ್ಟನ್ನು ಮುಗಿಸಿಕೊಳ್ಳಲಿ. ನೆಲ ಸುಮ್ಮನೆ ನಿಮ್ಮದಾಗಿರಬೇಕು ಎಂಬ ಆಸೆ ಬೇರೆ, ಬೇಸಾಯದಿಂದ ಬದುಕಬೇಕು ಎಂಬುದು ಬೇರೆ. ಮೊದಲನೆಯದಕ್ಕೆ ಕೆಲಸ ಬಿಡುವ ಅಗತ್ಯವೇ ಇಲ್ಲ.

ಸಣ್ಣ ಆಹಾರ ಉದ್ಯಮ

ಗಾಣದೆಣ್ಣೆ, ಸಿರಿಧಾನ್ಯದ ತಿಂಡಿ, ಹಪ್ಪಳ, ಉಪ್ಪಿನಕಾಯಿ, ಮನೆಯೂಟದ ಅಡುಗೆಮನೆ. ಬಾಗಿಲು ಸುಲಭ: ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಸ್ಥಳೀಯ ಸಂಸ್ಥೆಯ ಪರವಾನಗಿ. ಜಿಎಸ್‌ಟಿ ನೋಂದಣಿ ಪ್ಯಾಕ್ ಮಾಡಿದ ಸರಕಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದ ಮೇಲೆ, ಊಟ ಬಡಿಸಿದರೆ ಅದು ಸೇವೆ, ಅಲ್ಲಿ ಮಿತಿ 20 ಲಕ್ಷ. 2025ರಲ್ಲಿ ಯುಪಿಐ ವಹಿವಾಟು ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನೆನಪಿರಲಿ, ಮೊದಲ ದಿನದಿಂದ ಲೆಕ್ಕ ಇಡಿ.

ಸಹಾಯಧನದ ಆಸೆಯಿಂದ ಉದ್ಯಮ ಶುರುಮಾಡಬೇಡಿ. ಕಿರು ಆಹಾರ ಘಟಕಗಳಿಗೆಂದೇ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35, ಗರಿಷ್ಠ 10 ಲಕ್ಷ, ಕರ್ನಾಟಕ ಅದರ ಮೇಲೆ ಇನ್ನಷ್ಟು ಸೇರಿಸುತ್ತಿತ್ತು. ಯೋಜನೆಯ ಅವಧಿ 2025–26ರವರೆಗೆ ಎಂದಿತ್ತು, ಈಗಿನ ಸ್ಥಿತಿಯನ್ನು ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಸ್ವಂತ ಉದ್ಯೋಗಕ್ಕೆ ಸಾಲದ ಜತೆ ಸಹಾಯಧನ ಕೊಡುವ ಕೇಂದ್ರದ ಪಿಎಂಇಜಿಪಿಯಲ್ಲಿ ತಯಾರಿಕೆಗೆ 50 ಲಕ್ಷದವರೆಗಿನ ಯೋಜನೆ, ಸೇವೆಗೆ 20 ಲಕ್ಷ. ಸಹಾಯಧನ ನಗರ–ಹಳ್ಳಿ, ವರ್ಗ ನೋಡಿ ಶೇ 15ರಿಂದ 35. ಎರಡರಲ್ಲೂ ಈ ಹಣ ನಿಮ್ಮ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲಿ ಮೂರು ವರ್ಷ ಕೂತು ಸಾಲ ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿವರೆಗೆ ಕಂತು ಪೂರ್ತಿ ನಿಮ್ಮದೇ.

ಸೋಲುವುದು ರುಚಿಯಿಂದಲ್ಲ, ಹಣದ ಓಡಾಟದಿಂದ. ನೂರು ರೂಪಾಯಿ ಎಂಆರ್‌ಪಿ ಇರುವ ಚಕ್ಕುಲಿ ಪೊಟ್ಟಣದಲ್ಲಿ ಅಂಗಡಿಗೆ 20–25, ವಿತರಕರಿಗೆ 8–10 ಹೋಗುತ್ತದೆ. ಉಳಿದ 65–70ರಲ್ಲಿ ಕಚ್ಚಾ ಸಾಮಗ್ರಿ, ಎಣ್ಣೆ, ಪೊಟ್ಟಣ, ಕೂಲಿ, ಬಾಡಿಗೆ, ಸಾಗಣೆ. ಅಂಗಡಿಯವರು ಮೂವತ್ತು ದಿನದ ಉದ್ದರಿ ಕೇಳುತ್ತಾರೆ, ಖಮಟು ವಾಸನೆ ಬಂದ ಪೊಟ್ಟಣ ವಾಪಸು ಕಳಿಸುತ್ತಾರೆ, ಎಣ್ಣೆ ಅಂಗಡಿ ಮಾತ್ರ ನಗದು ಕೇಳುತ್ತದೆ. ಹಾಗಾಗಿ ಯಂತ್ರಕ್ಕೆ ಹಾಕುವಷ್ಟೇ ದುಡ್ಡನ್ನು ಮೂರು ತಿಂಗಳ ಓಡಾಟಕ್ಕೆ ಬೇರೆ ಇಡಬೇಕು. ಪದಾರ್ಥ ಎಷ್ಟು ದಿನ ಕೆಡದೆ ಇರುತ್ತದೆ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಲೇಬಲ್ ಮುದ್ರಿಸಿ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಚಿಕ್ಕ ಅವಧಿಯ ಕೋರ್ಸ್ ನಡೆಸುತ್ತದೆ, ತಂತ್ರಜ್ಞಾನವನ್ನೂ ಕೊಡುತ್ತದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಗಳಲ್ಲಿ ಊಟ ವಸತಿ ಸಹಿತ ತರಬೇತಿ ಉಚಿತ, ಗ್ರಾಮೀಣ ಯುವಜನರಿಗೆ ಆದ್ಯತೆ. ಮಹಿಳೆಯರಿಗೆ ಬೆಂಗಳೂರಿನ ಮಹಿಳಾ ಉದ್ಯಮಿಗಳ ಸಂಘ ಅವೇಕ್ ಇದೆ.

ನೌಕರಿಯಲ್ಲಿದ್ದೇ ವಾರಾಂತ್ಯಕ್ಕೆ ಐವತ್ತು ಪೊಟ್ಟಣ ಮಾಡಿ, ಗೆಳೆಯರಿಗಲ್ಲದೆ ಅಪರಿಚಿತರಿಗೆ ಪೂರ್ತಿ ಬೆಲೆಗೆ ಮಾರಿ. ಅವರು ಎರಡನೇ ಸಲ ಕೇಳಿ ಬಂದರೆ ಮುಂದುವರಿಯಿರಿ. ಮರಳುವ ದಾರಿ ಚೆನ್ನಾಗಿದೆ, ವೈಯಕ್ತಿಕ ಜಾಮೀನಿನ ಮೇಲೆ ದೊಡ್ಡ ಸಾಲ ಎತ್ತಿರದಿದ್ದರೆ.

ಆಪ್ತ ಸಮಾಲೋಚನೆ

‘ಎಲ್ಲರೂ ನನ್ನ ಹತ್ತಿರ ಕಷ್ಟ ಹೇಳ್ಕೋತಾರೆ’ ಎನ್ನುವವರು ಈ ಕಡೆ ನೋಡುತ್ತಾರೆ. ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್‌ಗಳು ಬೇಕಾದಷ್ಟಿವೆ, ಅವುಗಳಿಂದ ಕಾನೂನಿನ ಮಾನ್ಯತೆ ಸಿಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಬೇಕು, ಅದಕ್ಕೆ ಆರ್‌ಸಿಐ ಮಾನ್ಯತೆಯ ತರಬೇತಿ, ಅದಕ್ಕೂ ಮೊದಲು ಮನೋವಿಜ್ಞಾನದ ಓದು. ಕೆಲಸ ಮಾಡುತ್ತ ದೂರಶಿಕ್ಷಣದಲ್ಲಿ ಎಂ.ಎ. ಮಾಡುವುದು ಬಹಳ ಜನರ ಯೋಜನೆಯಾಗಿತ್ತು. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನವನ್ನು ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ನಡೆಸಕೂಡದೆಂದು ಯುಜಿಸಿ ಹೇಳಿದ ಮೇಲೆ ಆ ದಾರಿ ಮುಚ್ಚಿದೆ. ಈಗ ತರಗತಿಗೇ ಹೋಗಬೇಕು, ನಾಲ್ಕೈದು ವರ್ಷ ಹಿಡಿಯುತ್ತದೆ, ಅಂದರೆ ಈ ಪಟ್ಟಿಯಲ್ಲಿ ಓದಿ ಹೋಗುವ ದಾರಿಗಳ ಪೈಕಿ ಅತಿ ಉದ್ದದ ದಾಟು. ಮೂವತ್ತರ ಆಸುಪಾಸಿನವರಿಗೆ ಸರಿ, ನಲವತ್ತೈದಕ್ಕೆ ಯೋಚಿಸಿ. ಸಹಾಯವಾಣಿಯೊಂದರಲ್ಲಿ ತರಬೇತಿ ಪಡೆದು ಸ್ವಯಂಸೇವಕರಾಗಿ ವರ್ಷ ಕಳೆದರೆ ಇನ್ನೊಬ್ಬರ ನೋವನ್ನು ದಿನಾ ಕೇಳುವ ತಾಳ್ಮೆ ನಿಮಗಿದೆಯೇ ಎಂದು ಗೊತ್ತಾಗುತ್ತದೆ.

ಯಾರಿಗೆ ಯಾವುದು

ಒಂದೇ ಸಂಬಳ, ಸಾಲ ಐದು ವರ್ಷಕ್ಕಿಂತ ಹೆಚ್ಚು: ಇದ್ದಲ್ಲೇ ಬದಲಾಗಿ, ಸಾಲವನ್ನು ಬೇಗ ತೀರಿಸಿ. ತಿಂಗಳ ಖರ್ಚಿನಿಂದ 38,000 ಇಎಂಐ ಹೋದರೆ ಮೇಲಿನ ಲೆಕ್ಕದಲ್ಲಿ ಅಲ್ಲಿರುವ ಖರ್ಚೇ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಸಾಲ ತೀರಿಸುವುದು ವೃತ್ತಿ ಬದಲಾವಣೆಯ ಮೊದಲ ಹೆಜ್ಜೆ ಎಂದು ಯಾರೂ ಹೇಳುವುದಿಲ್ಲ, ಕೇಳಲು ಚೆನ್ನಾಗಿರುವುದಿಲ್ಲವಲ್ಲ.

ಇಬ್ಬರ ದುಡಿಮೆ, ಹದಿನೈದು ಲಕ್ಷದ ಆಸುಪಾಸು ಉಳಿತಾಯ: ಎನ್‌ಜಿಒ ಅಥವಾ ಫೆಲೋಷಿಪ್ ಮೊದಲು. ಕಲಿಸುವುದೇ ಬೇಕೆಂದು ಹತ್ತು ಶನಿವಾರದ ನಂತರವೂ ಅನಿಸಿದರೆ ಬಿ.ಎಡ್.

ಮಕ್ಕಳ ಓದು ಮುಗಿದಿದೆ, ಐವತ್ತರ ಸಮೀಪ: ಪದವಿ ಕೇಳುವ ದಾರಿಗಳನ್ನು ಬಿಡಿ. ಊರಲ್ಲಿ ನೆಲವಿದ್ದರೆ ತೋಟ, ಇಲ್ಲದಿದ್ದರೆ ನಿಮ್ಮ ಹಳೆಯ ಅನುಭವ ಬೇಡುವ ಎನ್‌ಜಿಒದಲ್ಲಿ ವಾರಕ್ಕೆ ಮೂರು ದಿನ.

ಮಕ್ಕಳಿಗಾಗಿ ಕೆಲಸ ಬಿಟ್ಟು ಈಗ ಮರಳುತ್ತಿರುವ ಮಹಿಳೆಯರಿಗೆ ಬಿ.ಎಡ್. ಅಷ್ಟೊಂದು ದುಬಾರಿಯಲ್ಲ, ಏಕೆಂದರೆ ಬಿಟ್ಟುಕೊಡಬೇಕಾದ ಸಂಬಳವೇ ಇಲ್ಲ. ಮೇಲಿನ ಲೆಕ್ಕ ತಲೆಕೆಳಗಾಗುವುದು ಇಲ್ಲೊಂದೇ ಕಡೆ, ಶಾಲೆಯ ರಜೆ, ಸಮಯವೂ ಮನೆಗೆ ಹೊಂದುತ್ತವೆ.

ರಾಜೀನಾಮೆಗೆ ಮೊದಲು

ತಾರೀಖು ಗೊತ್ತುಮಾಡುವಾಗ ಕ್ಯಾಲೆಂಡರ್ ಮುಂದಿರಲಿ. ಒಂದೇ ಕಂಪನಿಯಲ್ಲಿ ಐದು ವರ್ಷ ತುಂಬಿದರೆ ಗ್ರ್ಯಾಚುಟಿ. ಕೊನೆಯ ಮೂಲವೇತನ 60,000, ಸೇವೆ 12 ವರ್ಷ ಆಗಿದ್ದರೆ 60,000 × 15 ÷ 26 × 12, ಅಂದರೆ ಸುಮಾರು 4,15,000. ನಾಲ್ಕೂವರೆ ವರ್ಷಕ್ಕೆ ಬೇಸತ್ತು ಬಿಟ್ಟರೆ ಇದು ಕೈತಪ್ಪೀತು. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಹತ್ತಿರವಿದ್ದರೆ ಕಾಯಿರಿ. ಐದು ವರ್ಷ ತುಂಬದ ಪಿಎಫ್ ತೆಗೆದರೆ ತೆರಿಗೆ ಬೀಳುತ್ತದೆ. ಸೇರುವಾಗ ಕೊಟ್ಟ ಬೋನಸ್ ವಾಪಸು ಕೇಳುವ ಷರತ್ತಿದೆಯೇ, ನೋಟಿಸ್ ಅವಧಿ ಅರವತ್ತು ದಿನವೋ ತೊಂಬತ್ತೋ ನೋಡಿ.

ಕಂಪನಿಯ ಆರೋಗ್ಯ ವಿಮೆ ಕೊನೆಯ ದಿನಕ್ಕೇ ಮುಗಿಯುತ್ತದೆ. ಸ್ವಂತ ಪಾಲಿಸಿಯನ್ನು ಈಗಲೇ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗಳ ಕಾಯುವ ಅವಧಿ, ಗರಿಷ್ಠ ಮೂರು ವರ್ಷ, ನೀವು ಸಂಬಳದಲ್ಲಿರುವಾಗಲೇ ಓಡತೊಡಗುತ್ತದೆ. ಟರ್ಮ್ ವಿಮೆಗೆ ಸಂಬಳದ ಚೀಟಿ ಕೇಳುತ್ತಾರೆ, ಅದೂ ಬಿಡುವ ಮೊದಲೇ ಆಗಬೇಕು. ಸಾಲದ ಬಡ್ಡಿದರ ಇಳಿಸಿಕೊಳ್ಳುವುದು, ಬೇರೆ ಬ್ಯಾಂಕಿಗೆ ವರ್ಗಾಯಿಸುವುದು ಕೂಡ ಹಾಗೆಯೇ.

ಆಮೇಲೆ ಆರು ತಿಂಗಳು ಹೊಸ ಕೆಲಸದ ಸಂಬಳ ಎಷ್ಟೋ ಅಷ್ಟರಲ್ಲೇ ಮನೆ ನಡೆಸಿ, ಉಳಿದದ್ದನ್ನು ಮುಟ್ಟದೆ ಬೇರೆ ಖಾತೆಗೆ ಹಾಕುತ್ತ ಬನ್ನಿ. ಮನೆಯವರ ಒಪ್ಪಿಗೆ ಬಾಯಿಮಾತಿನದೋ ನಿಜವೋ ಎಂಬುದು ಮೂರನೇ ತಿಂಗಳಿಗೆ ಗೊತ್ತಾಗುತ್ತದೆ, ರಾಜೀನಾಮೆ ಪತ್ರ ಆಗಿನ್ನೂ ಕೊಟ್ಟಿರುವುದಿಲ್ಲ.